ನೆಲ್ಲೂರಿನ ಪತ್ತೇದಾರ, ನಮ್ಮೂರಿನ ರೈಲು ಹಳಿ

"ಸುಮಾರು 60ರಿಂದ 65 ವರ್ಷ ಪ್ರಾಯ. ಎತ್ತರ 5 ಅಡಿ. ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಮೈಮೇಲೆ ಹಸಿರು ಬಣ್ಣದ ಸೀರೆ ಇದೆ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬಹುದು."

ಇಂಥ ಸುದ್ದಿಗಳನ್ನು ನಾನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅಂಕೋಲೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರ ಜೊತೆಗೆ ಇಪ್ಪತ್ತೆರಡು ವರ್ಷದಿಂದ ಒಂದು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತೇನೆ. ರಸ್ತೆ ಹಾಳಾದದ್ದು, ಬಂಡಿಹಬ್ಬ, ದೋಣಿ ಮಗುಚಿದ್ದು, ಶಾಲೆಯ ಮಾಡು ಹಾರಿಹೋದದ್ದು ಎಲ್ಲವನ್ನೂ. ಆಗಾಗ ಇದೂ ಬರುತ್ತದೆ: ರೈಲು ಹಳಿಯ ಪಕ್ಕ ಅಪರಿಚಿತ ಶವ ಪತ್ತೆ. ಬರೆದದ್ದು ಎಂಟು ಸಾಲು, ಅಚ್ಚಾಗುವುದು ಮೂರು ಸಾಲು.

ಹೋದ ಆಷಾಢದಲ್ಲಿ ಅಕ್ಕನ ಮಗ ಹುಬ್ಬಳ್ಳಿಯಿಂದ ಬಂದಿದ್ದ. ನಾಲ್ಕು ದಿನದಿಂದ ಬಿಡದ ಮಳೆ, ಹೊರಗೆ ಕಾಲಿಡುವ ಹಾಗಿಲ್ಲ. "ಮಾಮ, ನೀನು ನೋಡ್ಲೇಬೇಕಾದ ಸಿನಿಮಾ ಒಂದಿದೆ. ರೈಲು ಹಳಿ ಪಕ್ಕ ಹೆಣ ಸಿಗೋ ಕತೆ. ಆದ್ರೆ ಕಾಮಿಡಿ" ಅಂದ. ಆ ಎರಡನೇ ಮಾತು ನನಗೆ ಹಿಡಿಸಲಿಲ್ಲ. ಹೆಣ ಇಟ್ಟುಕೊಂಡು ಎಂಥ ನಗೆ? ಆದರೂ ಕೂತೆ. ಮರುದಿನ ರಾತ್ರಿ ಒಬ್ಬನೇ ಇನ್ನೊಂದು ಸಲ ನೋಡಿದೆ. ಈಗ ಬರೆಯದೆ ಇರಲಾಗುತ್ತಿಲ್ಲ.

ಚಿತ್ರದ ಹೆಸರು 'ಏಜೆಂಟ್ ಸಾಯಿ ಶ್ರೀನಿವಾಸ ಆತ್ರೇಯ'. ತೆಲುಗಿನದು. 2019ರ ಜೂನ್ 21ಕ್ಕೆ ಬಿಡುಗಡೆಯಾಯಿತು. ಸ್ವರೂಪ್ ಆರ್‌ಎಸ್‌ಜೆ ನಿರ್ದೇಶಿಸಿದ ಮೊದಲ ಚಿತ್ರ ಇದು. ಆತ್ರೇಯನಾಗಿ ನಟಿಸಿದ ನವೀನ್ ಪೊಲಿಶೆಟ್ಟಿ, ನಿರ್ದೇಶಕರ ಜೊತೆ ಕೂತು ಬರೆಯುವುದರಲ್ಲೂ ಪಾಲು ತೆಗೆದುಕೊಂಡವರು. ಅದು ತೆರೆಯ ಮೇಲೆ ಗೊತ್ತಾಗುತ್ತದೆ. ಮಾತುಗಳು ಬೇರೆಯವರು ಬರೆದುಕೊಟ್ಟ ಹಾಗೆ ಬರುವುದಿಲ್ಲ, ಆತನ ಬಾಯಲ್ಲೇ ಹುಟ್ಟಿದ ಹಾಗೆ ಬರುತ್ತವೆ. ನಾವು ನೋಡಿದ್ದು ಪ್ರೈಮ್‌ನಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು.

ಕತೆ ನಡೆಯುವುದು ಆಂಧ್ರದ ನೆಲ್ಲೂರಿನಲ್ಲಿ. ಆತ್ರೇಯನದೊಂದು ಪುಟ್ಟ ಪತ್ತೇದಾರಿ ಆಫೀಸು. ಅದಕ್ಕೆ ಅವನಿಟ್ಟ ಹೆಸರು ಎಫ್‌ಬಿಐ. ಅಮೆರಿಕದ್ದಲ್ಲ, 'ಫಾತಿಮಾ ಬ್ಯೂರೋ ಆಫ್ ಇನ್ವೆಸ್ಟಿಗೇಷನ್'. ತಲೆಗೆ ಟೊಪ್ಪಿ, ಮೈಗೆ ಉದ್ದ ಕೋಟು. ನೆಲ್ಲೂರಿನ ಸೆಕೆಯಲ್ಲಿ ಉದ್ದ ಕೋಟು! ಜೊತೆಗೆ ಸ್ನೇಹಾ ಎಂಬ ಸಹಾಯಕಿ, ಆ ಪಾತ್ರದಲ್ಲಿ ಶ್ರುತಿ ಶರ್ಮಾ. ಬರುವ ಕೇಸುಗಳೆಲ್ಲ ಸಣ್ಣಪುಟ್ಟವು. ಇವನಿಗೆ ಮಾತ್ರ ಪ್ರತಿಯೊಂದೂ ದೊಡ್ಡದು. ಪತ್ತೇದಾರಿ ಸಿನಿಮಾಗಳನ್ನು ನೋಡಿ ನೋಡಿ ಕಲಿತ ವಿದ್ಯೆ ಅವನದು.

ನನ್ನ ಅಕ್ಕನ ಮಗ ಈ ಭಾಗಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆದರೆ ಚಿತ್ರ ಅವನನ್ನು ಹೀಯಾಳಿಸುವುದಿಲ್ಲ, ಅದನ್ನು ಹೇಳಲೇಬೇಕು. ಇಂಥ ಹುಚ್ಚು ಹಿಡಿದವರನ್ನು ಸಿನಿಮಾದಲ್ಲಿ ಸಾಮಾನ್ಯವಾಗಿ ಪೆದ್ದರ ಹಾಗೆ ತೋರಿಸುತ್ತಾರೆ. ಬಿದ್ದು ಎದ್ದು ನಗಿಸುವುದು ಅಷ್ಟೇ ಅವರ ಕೆಲಸ. ಆತ್ರೇಯ ಪೆದ್ದನಲ್ಲ. ಅವನಿಗೆ ಕಣ್ಣಿದೆ. ಎದುರಿಗಿದ್ದದ್ದನ್ನು ನಿಜವಾಗಿ ನೋಡುತ್ತಾನೆ. ಒಂದೊಂದು ಸಲ ನೋಡಿದ್ದಕ್ಕೆ ಅವಸರದಲ್ಲಿ ತಪ್ಪು ಅರ್ಥ ಕಟ್ಟುತ್ತಾನೆ, ನಗು ಹುಟ್ಟುವುದು ಅಲ್ಲಿ. ನೋಡುವುದನ್ನು ಮಾತ್ರ ಅವನು ಬಿಡುವುದಿಲ್ಲ.

ಅವನಿಗೊಬ್ಬ ಪತ್ರಕರ್ತ ಗೆಳೆಯ ಇದ್ದಾನೆ. ಅವನಿಂದಲೇ ಹಳಿ ಪಕ್ಕದ ಅಪರಿಚಿತ ಹೆಣದ ಸುದ್ದಿ ಇವನ ಕಿವಿಗೆ ಬೀಳುತ್ತದೆ. ಅಲ್ಲಿಗೆ ಹೋಗುತ್ತಾನೆ. ಹೋದವನು ತಾನೇ ಅನುಮಾನಕ್ಕೆ ಸಿಕ್ಕಿ ಲಾಕಪ್ಪು ಸೇರುತ್ತಾನೆ. ಒಳಗೆ ಮಾರುತಿ ರಾವ್ ಎಂಬ ವಯಸ್ಸಾದವರೊಬ್ಬರು ಸಿಗುತ್ತಾರೆ, ತಮ್ಮ ಮಗಳ ಸಾವಿನ ಕತೆ ಹೇಳುತ್ತಾರೆ. ಆತ್ರೇಯ ಆ ಕತೆಯ ಬೆನ್ನು ಹತ್ತುತ್ತಾನೆ. ಅಲ್ಲಿಂದ ಮುಂದಿನದನ್ನು ಹೇಳಿದರೆ ನಿಮ್ಮ ಖುಷಿಗೆ ಕಲ್ಲು ಹಾಕಿದ ಹಾಗೆ. ಇಷ್ಟೇ ಹೇಳುತ್ತೇನೆ: ಅರ್ಧದ ಹೊತ್ತಿಗೆ ನೀವು ಹಿಡಿದ ದಾರಿ ತಪ್ಪು ಅಂತ ಗೊತ್ತಾಗುತ್ತದೆ. ಆಗ ಆ ಹಳಿ ಪಕ್ಕದ ಹೆಣಗಳು ಮತ್ತೆ ಎದುರಿಗೆ ಬರುತ್ತವೆ. ಅವು ಯಾಕೆ ಅಲ್ಲಿ ಬೀಳುತ್ತಿವೆ ಅನ್ನುವುದರಲ್ಲಿ ಚಿತ್ರದ ಜೀವ ಇದೆ.

ನಮ್ಮ ಕರಾವಳಿಗೆ ರೈಲು ಬಂದದ್ದು ತಡವಾಗಿ. ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಮ್ಮ ಆಯಿ, ಅಂದರೆ ಅಮ್ಮ, ಮೊದಲ ಸಲ ರೈಲು ನೋಡಿದ್ದು ಹಾರವಾಡ ಸ್ಟೇಷನ್ನಿನಲ್ಲಿ, ಆಗಲೇ ಅವಳಿಗೆ ಐವತ್ತು ದಾಟಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗದ್ದೆ, ನಡುವೆ ಹಳಿ. ಅಸ್ನೋಟಿಯಿಂದ ಭಟ್ಕಳದವರೆಗೂ ಹೀಗೇ. ಮಳೆಗಾಲ ಬಂದರೆ ರೈಲಿನ ವೇಳಾಪಟ್ಟಿಯೇ ಬದಲಾಗುತ್ತದೆ. ಗುಡ್ಡ ಜಾರೀತು ಅಂತ ವೇಗ ಇಳಿಸುತ್ತಾರೆ. ಗಸ್ತಿನವರು ರಾತ್ರಿಯೆಲ್ಲ ಟಾರ್ಚು ಹಿಡಿದು, ಕೊಪ್ಪೆ ಸೂಡಿಕೊಂಡ ಹಾಗೆ ರೇನ್‌ಕೋಟು ಹೊದ್ದು ಹಳಿಯ ಮೇಲೆ ನಡೆಯುತ್ತಾರೆ. ಕಲ್ಲು ಬಿದ್ದಿದೆಯಾ, ಮಣ್ಣು ಕುಸಿದಿದೆಯಾ ಅಂತ ನೋಡುವುದು ಅವರ ಕೆಲಸ. ಎಷ್ಟೋ ಸಲ ಹೆಣ ಮೊದಲು ಕಾಣುವುದೂ ಅವರ ಕಣ್ಣಿಗೇ.

ಆಮೇಲೆ ಪೊಲೀಸರು ಬರುತ್ತಾರೆ. ಯುಡಿಆರ್ ಅಂತ ದಾಖಲಾಗುತ್ತದೆ, ಅಂದರೆ ಅಸಹಜ ಸಾವು. ಪಂಚರನ್ನು ಕರೆಯುತ್ತಾರೆ, ಶವ ಪಂಚನಾಮೆ ಬರೆಯುತ್ತಾರೆ. ಮೈಮೇಲಿನ ಗುರುತು, ಬಟ್ಟೆ, ಕಿಸೆಯಲ್ಲಿ ಏನಿತ್ತು ಎಲ್ಲ ಅದರಲ್ಲಿ ಇರುತ್ತದೆ. ಫೋಟೋ ತೆಗೆಯುತ್ತಾರೆ, ಹೆಣವನ್ನು ಶವಾಗಾರದಲ್ಲಿಟ್ಟು ಕಾಯುತ್ತಾರೆ, ನಮ್ಮಂಥವರಿಗೆ ಸುದ್ದಿ ಕೊಡುತ್ತಾರೆ. ಯಾರೂ ಬರದಿದ್ದರೆ ಮಣ್ಣು ಮಾಡುತ್ತಾರೆ. ಅಲ್ಲಿಗೆ ಕಡತ ಮುಚ್ಚಿದ ಹಾಗೆ.

ಚಿತ್ರದಲ್ಲಿ ಆತ್ರೇಯ ಆ ಕಡತವನ್ನು ತೆರೆದೇ ಇಡುತ್ತಾನೆ. ನನಗೆ ಆ ಹುಡುಗ ಇಷ್ಟವಾದದ್ದು ಅದಕ್ಕೆ. ಯಾರೂ ದುಡ್ಡು ಕೊಟ್ಟಿಲ್ಲ, ಯಾರೂ ಬಂದು ಕೇಳಿಲ್ಲ. ಆದರೂ ಇದು ಯಾರ ಹೆಣ ಅಂತ ಕೇಳುತ್ತಲೇ ಇರುತ್ತಾನೆ.

ಇದರ ಹಿಂದೆ ಅವನದೇ ಒಂದು ನೋವಿದೆ. ತಾಯಿಯ ಕೊನೆಯ ಮುಖ ನೋಡಲು ಸಿಗದ ಮಗ ಅವನು. ಚಿತ್ರದ ಶುರುವಿನಲ್ಲೇ ಅದು ಬಂದುಹೋಗುತ್ತದೆ. ನಗುವಿನ ನಡುವೆ ಬರುವುದರಿಂದ ನಾವು ಅದನ್ನು ಸುಮ್ನೆ ದಾಟಿಬಿಡುತ್ತೇವೆ. ಕತೆಗೊಂದು ಕಣ್ಣೀರಿನ ದೃಶ್ಯ ಬೇಕಿತ್ತು, ಹಾಕಿದ್ದಾರೆ ಅಂದುಕೊಳ್ಳುತ್ತೇವೆ. ಎರಡನೇ ಸಲ ನೋಡಿದಾಗ ಅದೇ ದೃಶ್ಯ ಬಂದಾಗ ನಾನು ರಿಮೋಟು ಒತ್ತಿ ನಿಲ್ಲಿಸಿದೆ. ಮಳೆ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಯಾಕೆ ಅಂತ ಹೇಳುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅದೂ ಮಳೆಗಾಲವೇ. ಹಳಿ ಪಕ್ಕದ ಚರಂಡಿಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿತು. ಈ ಬರಹದ ಮೊದಲಿಗೆ ಕೊಟ್ಟ ಸಾಲುಗಳು ಅವಳವು. ನಾನು ಹೋಗಿ ನೋಡಿದ್ದೆ. ಬಲಗೈ ಮುಂಗೈ ಒಳಬದಿಗೆ ಹಚ್ಚೆ ಇತ್ತು, ಹಳೇ ಕಾಲದ್ದು, ಬಣ್ಣ ಮಾಸಿತ್ತು. ಒಂದು ಬಳ್ಳಿ, ಅದರ ಕೆಳಗೆ ಎರಡು ಅಕ್ಷರ. ಅದನ್ನು ನಾನು ಸುದ್ದಿಯಲ್ಲಿ ಬರೆದು ಕಳಿಸಿದ್ದೆ. ಪೇಪರಿನಲ್ಲಿ ಬರಲಿಲ್ಲ. ಅವತ್ತು ಜಾಗ ಕಡಿಮೆ ಇತ್ತಂತೆ, ಕೊನೆಯ ಸಾಲುಗಳನ್ನು ಕತ್ತರಿಸಿದ್ದರು. ಹಚ್ಚೆ ಇದ್ದದ್ದು ಕೊನೆಯ ಸಾಲಿನಲ್ಲಿ.

ಮೂರು ವಾರ ಕಳೆದ ಮೇಲೆ ನನ್ನ ಅಂಗಡಿಗೆ ಒಬ್ಬ ಬಂದ. ಘಟ್ಟದ ಮೇಲಿನವನು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಒಂದು ಹಾಳೆ ಕೊಟ್ಟು ಐವತ್ತು ಕಾಪಿ ಬೇಕು ಅಂದ. 'ಕಾಣೆಯಾಗಿದ್ದಾರೆ' ಅಂತ ದೊಡ್ಡ ಅಕ್ಷರ, ಕೆಳಗೆ ತಾಯಿಯ ಫೋಟೋ. ಗೋಕರ್ಣಕ್ಕೆ ಅಪ್ಪನ ಕಾರ್ಯ ಮಾಡಿಸಲು ಬಂದಿದ್ದರಂತೆ. ಆಕೆಗೆ ಆಗಾಗ ಮರೆವು. ಕೋಟಿತೀರ್ಥದ ಹತ್ತಿರ ಗದ್ದಲದಲ್ಲಿ ಕೈ ತಪ್ಪಿತು. ಎರಡು ಕಾಪಿ ತೆಗೆಯುವಷ್ಟರಲ್ಲಿ ಕೆಳಗಿನ ಸಾಲು ನನ್ನ ಕಣ್ಣಿಗೆ ಬಿತ್ತು: ಬಲಗೈಯಲ್ಲಿ ಹಚ್ಚೆ ಇರುತ್ತದೆ.

ನಾನು ಮಿಷನ್ ಬಂದ್ ಮಾಡಿದೆ.

ಅವನು ಆ ದಿನದ ಪೇಪರು ನೋಡಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿದ್ದ. ಹಸಿರು ಸೀರೆ ಅಂತ ಇತ್ತು, ಅವನ ತಾಯಿ ಮನೆ ಬಿಟ್ಟಾಗ ಉಟ್ಟದ್ದು ಬೇರೆ. ಯಾರೋ ಪುಣ್ಯಾತ್ಮರು ಒದ್ದೆಯಾದವಳಿಗೆ ತಮ್ಮ ಸೀರೆ ಕೊಟ್ಟಿರಬೇಕು. "ಆ ಹಚ್ಚೆ ಬರ್ದಿದ್ರೆ ಅವತ್ತೇ ಓಡಿ ಬರ್ತಿದ್ನಿ ಸಾರ್" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಹೊತ್ತಿಗೆ ಮಣ್ಣು ಮಾಡಿ ಹದಿನೈದು ದಿನ ಕಳೆದಿತ್ತು. ನಾನೇ ಅವನನ್ನು ಠಾಣೆಗೆ ಕರೆದುಕೊಂಡು ಹೋದೆ. ಅವರು ಫೋಟೋ ತೋರಿಸಿದರು. ಅವನಿಗೆ ಸಿಕ್ಕಿದ್ದು ಆ ಫೋಟೋ ಮಾತ್ರ.

ಅವತ್ತಿನಿಂದ ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ಪೇಪರಿನಲ್ಲಿ ಬರಲಿ ಬಿಡಲಿ, ಕಂಡದ್ದನ್ನೆಲ್ಲ ಅದರಲ್ಲಿ ಬರೆಯುತ್ತೇನೆ. ಗಾಯದ ಕಲೆ, ಉಂಗುರದ ಬೆರಳು, ಕಿಸೆಯಲ್ಲಿ ಸಿಕ್ಕ ಬಸ್ ಟಿಕೆಟು ಎಲ್ಲಿಂದ ಎಲ್ಲಿಗೆ, ಚಪ್ಪಲಿಯ ಸೈಜು. ಕಾಪಿ ತೆಗೆಸಲು ಕಾಣೆಯಾದವರ ಹಾಳೆ ಯಾರು ತಂದರೂ ನೋಟುಬುಕ್ಕು ತೆರೆದು ನೋಡುತ್ತೇನೆ. ಮನೆಯವರಿಗೆ ಇದು ಸರಿ ಕಾಣುವುದಿಲ್ಲ. ಸಂಜೆ ಹೊತ್ತು ಇಂಥದ್ದೆಲ್ಲ ಮನೆಯೊಳಗೆ ತರಬೇಡ ಅನ್ನುತ್ತಾರೆ. ಅದಕ್ಕೆ ಅಂಗಡಿಯಲ್ಲೇ ಇಡುತ್ತೇನೆ.

ಆತ್ರೇಯನ ಹುಚ್ಚು ನನಗೆ ಹೊಸದಾಗಿ ಕಾಣದೆ ಇದ್ದದ್ದು ಇದರಿಂದ. ಅವನ ಟೊಪ್ಪಿ, ಕೋಟು, ಫಾತಿಮಾ ಬ್ಯೂರೋ ಎಲ್ಲ ನಗು ತರಿಸುತ್ತವೆ. ಆದರೆ ಯಾರಿಗೂ ಬೇಡವಾದ ಒಂದು ವಿವರವನ್ನು ಎತ್ತಿಟ್ಟುಕೊಳ್ಳುವ ಚಟ ಇದೆಯಲ್ಲ, ಅದು ಎಂಥದು ಅಂತ ಈ ಚಿತ್ರ ಮಾಡಿದವರಿಗೆ ಚೆನ್ನಾಗಿ ಗೊತ್ತು. ಹೆಣಕ್ಕೆ ನಗುತ್ತಾರೇನೋ ಅಂತ ನಾನು ಹೆದರಿದ್ದೆ. ಇಲ್ಲ. ಒಂದು ಕಡೆಯೂ ಇಲ್ಲ. ನಗು ಬದುಕಿದ್ದವರ ಮಾತಿನಲ್ಲಿ, ಓಡಾಟದಲ್ಲಿ ಮಾತ್ರ ಇದೆ. ಸತ್ತವರ ಹತ್ತಿರ ಬಂದಾಗ ಚಿತ್ರ ದನಿ ತಗ್ಗಿಸುತ್ತದೆ.

ನಮ್ಮ ಕಡೆಯವರಿಗೆ ಈ ಚಿತ್ರ ಹೆಚ್ಚು ತಟ್ಟಲು ಇನ್ನೊಂದು ಕಾರಣ ಇದೆ. ಸತ್ತವರಿಗೆ ಸದ್ಗತಿ ಸಿಗಲಿ ಅಂತ ಜನ ಏನೆಲ್ಲ ಮಾಡುತ್ತಾರೆ, ಯಾರನ್ನೆಲ್ಲ ನಂಬುತ್ತಾರೆ ಅನ್ನುವುದು ಕತೆಯ ಒಳಗೆ ಬರುತ್ತದೆ. ಗೋಕರ್ಣ ಇಲ್ಲೇ ಪಕ್ಕದಲ್ಲಿದೆ. ಎಲ್ಲೆಲ್ಲಿಂದಲೋ ಬಂದು ಅಸ್ಥಿ ಬಿಡುತ್ತಾರೆ, ತಿಲತರ್ಪಣ ಕೊಡುತ್ತಾರೆ, ನಾರಾಯಣಬಲಿ ಮಾಡಿಸುತ್ತಾರೆ. ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಇಳಿಯುವವರನ್ನು ನೋಡಿದರೆ ಯಾರ ಮನೆಯಲ್ಲಿ ಸಾವಾಗಿದೆ ಅಂತ ಹೇಳಬಹುದು. ತಲೆ ಬೋಳಿಸಿದ ಗಂಡುಮಕ್ಕಳು, ಬಟ್ಟೆ ಸುತ್ತಿದ ಮಡಿಕೆಯನ್ನು ಮಡಿಲಲ್ಲಿಟ್ಟುಕೊಂಡ ಹಿರಿಯರು. ಅವರ ನಂಬಿಕೆಯನ್ನು ನಾನು ಹಗುರ ಮಾಡುವವನಲ್ಲ. ನಮ್ಮ ಅಪ್ಪನ ಕಾರ್ಯವನ್ನೂ ಅಲ್ಲೇ ಮಾಡಿದ್ದೇನೆ. ಚಿತ್ರವೂ ನಂಬಿಕೆಯನ್ನು ಹಗುರ ಮಾಡುವುದಿಲ್ಲ. ದುಃಖದಲ್ಲಿದ್ದವರು ಪ್ರಶ್ನೆ ಕೇಳುವುದಿಲ್ಲ ಅಂತ ಗೊತ್ತಿದ್ದವರು ಆ ಹೊತ್ತನ್ನು ಹೇಗೆ ಬಳಸಿಕೊಳ್ಳುತ್ತಾರೆ ಅನ್ನುವುದನ್ನು ತೋರಿಸುತ್ತದೆ. ಮನೆಯಲ್ಲಿ ಸಾವಾದಾಗ ಯಾರಾದರೂ ಬಂದು "ನೀವೇನೂ ಚಿಂತೆ ಮಾಡ್ಬೇಡಿ, ಎಲ್ಲ ನಾವು ನೋಡ್ಕೊಳ್ತೇವೆ" ಅಂದರೆ ನಾವು ಕೈಮುಗಿದು ಒಪ್ಪಿಸಿಬಿಡುತ್ತೇವೆ, ಅಲ್ವಾ? ಇದಕ್ಕಿಂತ ಜಾಸ್ತಿ ಹೇಳಬಾರದು.

ತಪ್ಪುಗಳಿಲ್ಲ ಅಂತಲ್ಲ. ಇಂಟರ್‌ವಲ್ ಆದ ಮೇಲೆ ಹೆಸರುಗಳು ಒಂದರ ಮೇಲೊಂದು ಬರುತ್ತವೆ. ಯಾರು ಯಾರಿಗೆ ಏನಾಗಬೇಕು ಅಂತ ಹಿಡಿಯಲು ನಾನು ಎರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಕೊನೆಯಲ್ಲಿ ಗಂಟು ಬಿಚ್ಚುವುದು ಪೂರ್ತಿ ಮಾತಿನಲ್ಲೇ. ಆತ್ರೇಯ ಉಸಿರು ಬಿಡದೆ ಹೇಳುತ್ತಾ ಹೋಗುತ್ತಾನೆ. ಅಷ್ಟು ಹೊತ್ತು ನಮ್ಮ ಕಣ್ಣಿಗೆ ಕೆಲಸ ಕೊಟ್ಟವರು ಕೊನೆಗೆ ಕಿವಿಗೆ ತುಂಬುತ್ತಾರೆ. ಇನ್ನೂ ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡು ನಿಧಾನವಾಗಿ ತೋರಿಸಿದ್ದರೆ ಆ ದಂಧೆಯ ಭಾರ ಇನ್ನೂ ಚೆನ್ನಾಗಿ ಎದೆಗೆ ಇಳಿಯುತ್ತಿತ್ತು. ತೆಲುಗು ಬರದವರಿಗೆ ಅಲ್ಲಿ ನಿಜವಾಗಿ ಕಷ್ಟ. ಸಬ್‌ಟೈಟಲ್ ಓದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಸ್ನೇಹಾಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು. ಅವಳು ಕೇಳುವ ಪ್ರಶ್ನೆಗಳು ನಮ್ಮವೇ. ಇವನು ಹಾರಾಡುವಾಗ ನೆಲಕ್ಕೆ ಎಳೆಯುವವಳು ಅವಳೇ. ಒಂದು ಸಮಾಧಾನ ಏನೆಂದರೆ ಇಬ್ಬರ ನಡುವೆ ಬಲವಂತದ ಪ್ರೀತಿ ತುರುಕಿಲ್ಲ. ಕೆಲಸದ ಜೊತೆಗಾರರು, ಅಷ್ಟೇ. ನನಗೆ ಅದು ತುಂಬಾ ಹಿಡಿಸಿತು.

ಸಂಗೀತ ಮಾರ್ಕ್ ಕೆ. ರಾಬಿನ್ ಅವರದು. ಹಿನ್ನೆಲೆಯಲ್ಲಿ ತನ್ನ ಕೆಲಸ ಮಾಡುತ್ತದೆ.

ನವೀನ್ ಪೊಲಿಶೆಟ್ಟಿ ಬಗ್ಗೆ ಒಂದು ಮಾತು. ಈತನನ್ನು ನಾನು ಮೊದಲು ನೋಡಿರಲಿಲ್ಲ. ಮಾತಿನ ಓಟ ಎಂಥದ್ದು ಅಂದರೆ, ಭಾಷೆ ಬಾರದ ನಾನೇ ಸಬ್‌ಟೈಟಲ್ ಬಿಟ್ಟು ಮುಖ ನೋಡುತ್ತ ಕೂತೆ. ಅವನು ಬೂಟಾಟಿಕೆ ಮಾಡುವಾಗಲೂ ಕಣ್ಣಲ್ಲಿ ಒಂದು ಹೆದರಿಕೆ ಇರುತ್ತದೆ, ತಾನು ಸಣ್ಣವನು ಅಂತ ಎಲ್ಲಿ ಗೊತ್ತಾಗಿಬಿಡುತ್ತದೋ ಅನ್ನುವ ಹೆದರಿಕೆ. ಸಣ್ಣ ಊರಿನಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕಿದವರೆಲ್ಲರ ಕಣ್ಣಲ್ಲಿ ಅದು ಇರುತ್ತದೆ. ಕಾರವಾರದಲ್ಲೋ ಕುಮಟೆಯಲ್ಲೋ ಇಂಥವನೊಬ್ಬ ಬೋರ್ಡು ಹಾಕಿ ಕೂತರೆ ನಾವೂ ಹಾಗೇ ನೋಡುತ್ತೇವೆ. ಲಾಕಪ್ಪಿನ ದೃಶ್ಯಗಳಲ್ಲಿ ಆ ಬೂಟಾಟಿಕೆ ಕಳಚಿ ಬೀಳುತ್ತದೆ. ಆಗ ಎದುರಿಗೆ ಉಳಿಯುವುದು ಬರೀ ಒಬ್ಬ ಹುಡುಗ. ಅಲ್ಲಿ ಅವನು ತುಂಬಾ ಚೆನ್ನಾಗಿ ಮಾಡಿದ್ದಾನೆ.

ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರ ಅಲ್ಲ. ಹೆಣಗಳು ಬರುತ್ತವೆ, ಒಂದು ಹುಡುಗಿಯ ಸಾವಿನ ಮಾತು ಬರುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸ್ವಲ್ಪ ದಿನ ಬಿಟ್ಟು ನೋಡಿ. ಉಳಿದವರು ನೋಡಲೇಬೇಕು. ಊಟ ಮುಗಿಸಿ, ಫೋನು ದೂರ ಇಟ್ಟು ಕೂತುಕೊಳ್ಳಿ. ನಡುವೆ ಎದ್ದುಹೋದರೆ ಎಳೆ ತಪ್ಪುತ್ತದೆ.

ಮೂರನೇ ಸಲ ಆಯಿಯ ಜೊತೆ ನೋಡಿದೆ. ಅವಳಿಗೀಗ ಎಂಬತ್ತರ ಹತ್ತಿರ. ತೆಲುಗೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಪಕ್ಕ ಕೂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಟೊಪ್ಪಿ ಹಾಕಿದ ಹುಡುಗನ ಓಡಾಟ ನೋಡಿ ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೆಣಗಳ ಗುಟ್ಟು ಬಿಚ್ಚಿದಾಗ ಏನೂ ಮಾತಾಡಲಿಲ್ಲ. ಚಿತ್ರ ಮುಗಿಯಿತು. ನಾನು ಎದ್ದು ಲೈಟು ಹಾಕಿದೆ.

"ಆ ಹುಡುಗನ ಆಯಿ ಹೆಸ್ರು ಎಂತಂತೆ?" ಅಂತ ಕೇಳಿದಳು.

ಮೂರು ಸಲ ನೋಡಿದ್ದೆ, ನನಗೆ ನೆನಪಿರಲಿಲ್ಲ. ಟಿ.ವಿ. ಮತ್ತೆ ಹಾಕಿ, ಮೊದಲಿಂದ ಓಡಿಸುತ್ತ ಹುಡುಕತೊಡಗಿದೆ. ಆಯಿ ಗೋಡೆಗೆ ಒರಗಿ ಕಾಯುತ್ತ ಕೂತಳು.